ಕಾಲ್ಚೆಂಡಾಟದಲ್ಲಿ ವರ್ಗಾವಣೆಯ ಕರಾರು

ಮುಂಬಯಿಯ ವೃತ್ತಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಪ್ರತಿವರ್ಷವೂ ಮಳೆಗಾಲದ ಸುಮಾರಿಗೆ ಒಂದು ಬಗೆಯ ವಾರ್ತೆ ತಪ್ಪದೆ ಬರುತ್ತದೆ. ಇಂಥ ಕ್ಲಬ್ಬು ಇಂಥ ಆಟಗಾರನನ್ನು ಇಷ್ಟು ಲಕ್ಷಕ್ಕೆ ಕೊಂಡಿತು, ಅಂಥದು ಅಂಥವನನ್ನು ಮಾರಿತು, ಮತ್ತೊಂದು ಮತ್ತೊಬ್ಬನನ್ನು ಎರವಲು ತಂದಿತು ಎಂಬ ಮಾತುಗಳನ್ನು ಓದುವವರಿಗೆ ದನದ ಜಾತ್ರೆಯ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಕಾಯಿದೆಯ ದೃಷ್ಟಿಯಲ್ಲಿ ಮನುಷ್ಯನು ಕ್ರಯವಿಕ್ರಯದ ವಸ್ತುವಲ್ಲ. ಹಾಗಾದರೆ ಒಂದು ಕ್ಲಬ್ಬು ಇನ್ನೊಂದಕ್ಕೆ ಕೊಡುವ ಹಣ ಯಾವುದರ ಬೆಲೆ? ಆ ಹಣದ ಸಂಬಂಧವಾಗಿ ಬರೆದುಕೊಳ್ಳುವ ಪತ್ರದಲ್ಲಿ ಏನೇನಿರುತ್ತದೆ? ಅದರಲ್ಲಿ ಆಟಗಾರನ ಸ್ಥಾನವೆಂಥದು? ಈ ಮೂರು ಪ್ರಶ್ನೆಗಳ ವಿವೇಚನೆಯೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಶಬ್ದದ ವಿಚಾರ. ಕನ್ನಡದಲ್ಲಿ ‘ವರ್ಗಾವಣೆ’ ಎಂದೊಡನೆ ಸರಕಾರಿ ನೌಕರಿಯ ವರ್ಗಾವಣೆ ಮನಸ್ಸಿಗೆ ಬರುತ್ತದೆ. ಅಲ್ಲಿ ಮೇಲಧಿಕಾರಿಯ ಆಜ್ಞೆಯೇ ಪ್ರಧಾನ. ನೌಕರನ ಒಪ್ಪಿಗೆ ಅಪ್ರಸ್ತುತ. ಕಾಲ್ಚೆಂಡಾಟದ ವರ್ಗಾವಣೆ ಇದಕ್ಕೆ ತೀರ ವಿರುದ್ಧವಾದುದು. ಇಲ್ಲಿ ಎರಡು ಕ್ಲಬ್ಬುಗಳು ಎಷ್ಟೇ ಒಪ್ಪಿದರೂ ಆಟಗಾರನು ಹೊಸ ಕ್ಲಬ್ಬಿನ ನೌಕರಿ ಕರಾರಿಗೆ ಸಹಿ ಹಾಕದಿದ್ದರೆ ವರ್ಗಾವಣೆ ಆಗುವುದೇ ಇಲ್ಲ. ಹಳೆಯ ಕ್ಲಬ್ಬಿನೊಡನೆ ಅವನಿಗಿರುವ ಕರಾರಿನ ಮುದ್ದತು ಇನ್ನೂ ಉಳಿದಿದೆ. ಆ ಮುದ್ದತು ತೀರುವ ಮೊದಲೇ ಅವನನ್ನು ಬಿಟ್ಟುಕೊಡುವುದಕ್ಕಾಗಿ, ಅವನ ನೋಂದಣಿಯನ್ನು ಹೊಸ ಕ್ಲಬ್ಬಿನ ಹೆಸರಿಗೆ ಬದಲಾಯಿಸಲು ಸಮ್ಮತಿಸುವುದಕ್ಕಾಗಿ ಕೊಡುವ ಪ್ರತಿಫಲವೇ ವರ್ಗಾವಣೆಯ ಶುಲ್ಕ. ಮಾರಾಟವಾಗುವುದು ಮನುಷ್ಯನಲ್ಲ, ಬಿಟ್ಟುಕೊಡಲ್ಪಡುವುದು ಒಂದು ಕರಾರಿನ ಉಳಿದ ಕಾಲ.

ಈ ತತ್ತ್ವ ಸುಲಭವಾಗಿ ಸ್ಥಾಪಿತವಾದುದಲ್ಲ. ಇಂಗ್ಲೆಂಡಿನಲ್ಲಿ 1893ರಿಂದ ನಡೆದುಬಂದ ಪದ್ಧತಿಯಂತೆ ಕರಾರಿನ ಅವಧಿ ಮುಗಿದ ಮೇಲೆಯೂ ಕ್ಲಬ್ಬು ಆಟಗಾರನ ನೋಂದಣಿಯನ್ನು ತನ್ನಲ್ಲಿಯೇ ಹಿಡಿದಿಟ್ಟುಕೊಳ್ಳಬಹುದಾಗಿತ್ತು. ಸಂಬಳ ಕೊಡದಿದ್ದರೂ ಅವನು ಬೇರೆಡೆ ಆಡುವಂತಿರಲಿಲ್ಲ. ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರನು ನ್ಯೂಕ್ಯಾಸಲ್ ಕ್ಲಬ್ಬಿನ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಅವರು 1963ರಲ್ಲಿ ಈ ಕಟ್ಟುಪಾಡು ವೃತ್ತಿಸ್ವಾತಂತ್ರ್ಯಕ್ಕೆ ಅನುಚಿತವಾದ ಅಡ್ಡಿಯೆಂದು ತೀರ್ಪಿತ್ತರು. ಮುಂದೆ ಬೆಲ್ಜಿಯಮ್ಮಿನ ಜಾನ್ ಮಾರ್ಕ್ ಬೋಸ್ಮನ್ ಎಂಬವನ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯವು 1995ರ ಡಿಸೆಂಬರ್ 15ರಂದು, ಯುರೋಪ್ ಒಕ್ಕೂಟದ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವ ಅಲ್ಲಿನ ಪ್ರಜೆಯಾದ ಆಟಗಾರನಿಗಾಗಿ ಕರಾರು ಮುಗಿದ ಮೇಲೆ ಶುಲ್ಕ ಕೇಳುವಂತಿಲ್ಲವೆಂದು ಸಾರಿತು. ವಿಶ್ವಸಂಸ್ಥೆಯಾದ ಫಿಫಾ 2001ರಲ್ಲಿ ತನ್ನ ನಿಯಮಾವಳಿಯನ್ನು ಹೊಸದಾಗಿ ರಚಿಸಿದ್ದು ಇದರ ಪರಿಣಾಮವಾಗಿಯೇ.

ಭಾರತದ ಕಾಯಿದೆಯಾದರೋ ಈ ವಿಷಯದಲ್ಲಿ ಮೊದಲಿನಿಂದಲೂ ಕಟ್ಟುನಿಟ್ಟಾಗಿದೆ. 1872ರ ಕರಾರು ಕಾಯಿದೆಯ 27ನೆಯ ಕಲಮಿನ ಪ್ರಕಾರ ಯಾವನೊಬ್ಬನನ್ನಾದರೂ ನ್ಯಾಯಬದ್ಧವಾದ ವೃತ್ತಿಯಿಂದ ತಡೆಯುವ ಕರಾರು ಆ ಮಟ್ಟಿಗೆ ಶೂನ್ಯ. ಕ್ರಿಕೆಟ್ ಆಟಗಾರ ಜಹೀರ್ ಖಾನ್ ಮತ್ತು ಪರ್ಸೆಪ್ಟ್ ಡಿ’ಮಾರ್ಕ್ ಕಂಪನಿಯ ನಡುವಣ ವ್ಯಾಜ್ಯ ಮುಂಬಯಿ ಉಚ್ಚ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ಕರಾರಿನ ಅವಧಿ ತೀರಿದ ಮೇಲೂ ಆಟಗಾರನನ್ನು ಕಟ್ಟಿಹಾಕುವ ಷರತ್ತು ಊರ್ಜಿತವಲ್ಲವೆಂದು 2006ರಲ್ಲಿ ನಿರ್ಣಯವಾಯಿತು. ಆಟ ಬೇರೆಯಾದರೂ ನ್ಯಾಯ ಒಂದೇ.

ಮುಂಬಯಿಯ ಕಾಲ್ಚೆಂಡಾಟಕ್ಕೆ ಈ ಬಗೆಯ ಕರಾರು ತೀರ ಇತ್ತೀಚಿನದು. 1891ರಲ್ಲಿ ಆರಂಭವಾದ ರೋವರ್ಸ್ ಕಪ್ಪಿನ ಕಾಲದಲ್ಲಿ ಮೊದಲು ಗೋರಾ ಪಲ್ಟಣಗಳ ಪ್ರಾಬಲ್ಯವಿತ್ತು. ಅದನ್ನು ಮುರಿದು 1937ರಲ್ಲಿ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್ ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಮರುವರ್ಷವೂ ಅದೇ ತಂಡ ಗೆದ್ದಿತು. ಸ್ವಾತಂತ್ರ್ಯಾನಂತರ ಈ ನಗರದಲ್ಲಿ ಆಟವನ್ನು ಪೋಷಿಸಿದವು ಕಂಪನಿಗಳು ಮತ್ತು ಗಿರಣಿಗಳು: ಟಾಟಾ, 1958ರಲ್ಲಿ ರೋವರ್ಸ್ ಕಪ್ ಗೆದ್ದ ಕಾಲ್ಟೆಕ್ಸ್, ಮಫತ್‌ಲಾಲ್, ಏರ್ ಇಂಡಿಯಾ, ಮಹೀಂದ್ರ ಮೊದಲಾದವು. ಅಲ್ಲಿ ಆಟಗಾರನು ಸಾಮಾನ್ಯವಾಗಿ ಕಂಪನಿಯ ನೌಕರ. ಕ್ಲಬ್ಬು ಬದಲಾಯಿಸುವುದೆಂದರೆ ಒಂದು ನೌಕರಿಗೆ ರಾಜೀನಾಮೆಯಿತ್ತು ಇನ್ನೊಂದನ್ನು ಹಿಡಿಯುವುದು. ಶುಲ್ಕದ ಪ್ರಶ್ನೆಗಿಂತ ನೌಕರಿಯ ಭದ್ರತೆಯ ಪ್ರಶ್ನೆಯೇ ದೊಡ್ಡದಾಗಿತ್ತು. 2005-06ರಲ್ಲಿ ರಾಷ್ಟ್ರೀಯ ಲೀಗನ್ನು ಗೆದ್ದ ಮಹೀಂದ್ರ ಯುನೈಟೆಡ್ ತಂಡ 2010ರಲ್ಲಿ ವಿಸರ್ಜನೆಗೊಂಡಿತು. 2014ರಲ್ಲಿ ಮುಂಬಯಿ ಸಿಟಿ ಎಫ್.ಸಿ. ಹುಟ್ಟಿತು. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್.ಸಿ.ಯ ಒಡೆತನ ಹೊಂದಿದ ಜೆ.ಎಸ್.ಡಬ್ಲ್ಯೂ. ಸಮೂಹದ ಮುಖ್ಯ ಕಚೇರಿ ಇರುವುದೂ ಮುಂಬಯಿಯಲ್ಲಿಯೇ. ಹೀಗೆ ನೌಕರಿಯ ಯುಗ ಹೋಗಿ ಕರಾರಿನ ಯುಗ ಬಂದಿತು.

ಎರಡು ಉದಾಹರಣೆಗಳಿಂದ ಕರಾರಿನ ಮರ್ಮ ಸ್ಪಷ್ಟವಾಗುತ್ತದೆ. 2021ರಲ್ಲಿ ಮುಂಬಯಿ ಸಿಟಿಗೆ ರಾಹುಲ್ ಭೇಕೆ ಬೆಂಗಳೂರಿನಿಂದ ಬಂದನು. ಅಪುಯಿಯಾ ಎಂದು ಪ್ರಸಿದ್ಧನಾದ ಲಾಲೆಂಗ್‌ಮಾವಿಯಾ ನಾರ್ತ್‌ಈಸ್ಟ್ ಯುನೈಟೆಡ್ಡಿನಿಂದ ಬಂದನು. ಭೇಕೆಯ ಹಳೆಯ ಕರಾರು ಮುಗಿದಿತ್ತು. ಆದುದರಿಂದ ಕ್ಲಬ್ಬುಗಳ ನಡುವೆ ಹಣದ ಮಾತಿಗೆ ಕಾರಣವಿರಲಿಲ್ಲ. ಅಪುಯಿಯಾನ ಕರಾರು ಜೀವಂತವಾಗಿತ್ತು. ಆದುದರಿಂದ ಶುಲ್ಕ ಕೊಡಬೇಕಾಯಿತು. ಒಂದೇ ವರ್ಷ, ಒಂದೇ ಕ್ಲಬ್ಬು. ವ್ಯತ್ಯಾಸವೆಲ್ಲ ಹಳೆಯ ಪತ್ರದ ಕೊನೆಯ ತಾರೀಖಿನಲ್ಲಿ.

ಇನ್ನು ಪತ್ರದ ಸ್ವರೂಪ. ಒಂದು ವರ್ಗಾವಣೆಯಲ್ಲಿ ಮೂರು ಒಪ್ಪಂದಗಳು ಹೆಣೆದುಕೊಂಡಿರುತ್ತವೆ. ಹಳೆಯ ಕ್ಲಬ್ಬು ಆಟಗಾರನನ್ನು ಬಿಡುಗಡೆ ಮಾಡುವುದು ಒಂದು. ಎರಡು ಕ್ಲಬ್ಬುಗಳ ನಡುವಿನ ವರ್ಗಾವಣೆಯ ಕರಾರು ಇನ್ನೊಂದು. ಹೊಸ ಕ್ಲಬ್ಬು ಮತ್ತು ಆಟಗಾರನ ನೌಕರಿ ಕರಾರು ಮೂರನೆಯದು. ಫಿಫಾ ನಿಯಮದಂತೆ ಈ ಮೂರನೆಯದರ ಅವಧಿ ಕನಿಷ್ಠವೆಂದರೆ ಆ ಋತುವಿನ ಕೊನೆಯವರೆಗೆ, ಗರಿಷ್ಠವೆಂದರೆ 5 ವರ್ಷ. 18 ತುಂಬದವನಿಗೆ 3 ವರ್ಷಕ್ಕಿಂತ ಹೆಚ್ಚಿನ ಕರಾರು ಸಲ್ಲದು. ಭಾರತದಲ್ಲಿಯಂತೂ ಅಪ್ರಾಪ್ತವಯಸ್ಕನ ಕರಾರೇ ಶೂನ್ಯವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಹೇಳಿದೆ. ಆದುದರಿಂದ ಹುಡುಗರ ಪತ್ರಗಳಲ್ಲಿ ಪಾಲಕರ ಸಹಿಗೆ ವಿಶೇಷ ಮಹತ್ತ್ವ.

ಕ್ಲಬ್ಬುಗಳ ನಡುವಿನ ಕರಾರು ಉಭಯ ಪಕ್ಷಗಳ ಹೆಸರು, ಆಟಗಾರನ ವಿವರ, ಪೂರ್ವಪೀಠಿಕೆಗಳಿಂದ ಆರಂಭವಾಗಿ ಕೂಡಲೇ ಹಣಕ್ಕೆ ಬರುತ್ತದೆ. ಶುಲ್ಕ ಒಂದೇ ಗಂಟಾಗಿ ಬರುವುದು ಅಪರೂಪ, ಕಂತುಗಳೇ ಹೆಚ್ಚು. ಜಾಣನಾದ ಕರಡುಗಾರನು ಪ್ರತಿ ಕಂತಿಗೂ ತಾರೀಖು ಬರೆಯುತ್ತಾನೆ. ತಡವಾದರೆ ಬಡ್ಡಿ ಎಷ್ಟೆಂದು ಬರೆಯುತ್ತಾನೆ. ಒಂದು ಕಂತು ತಪ್ಪಿದರೆ ಉಳಿದುದೆಲ್ಲ ಒಮ್ಮೆಗೇ ಸಲ್ಲತಕ್ಕದ್ದೆಂಬ ಷರತ್ತನ್ನೂ ಸೇರಿಸುತ್ತಾನೆ. ಕಾರಣವಿಲ್ಲದೆ 30 ದಿನಕ್ಕಿಂತ ಹೆಚ್ಚು ಬಾಕಿ ಉಳಿಸಿಕೊಂಡ ಕ್ಲಬ್ಬಿಗೆ, ಸಾಲಿಗನು ಕನಿಷ್ಠ 10 ದಿನಗಳ ಲಿಖಿತ ನೋಟೀಸು ಕೊಟ್ಟಿದ್ದರೆ, ದಂಡ ವಿಧಿಸುವ ಅಧಿಕಾರ ಫಿಫಾಕ್ಕಿದೆ.

ಎರಡನೆಯದು, ಸಂದರ್ಭಾಧೀನವಾದ ಹಣ. ಆಟಗಾರನು 20 ಪಂದ್ಯಗಳಲ್ಲಿ ‘ಆಡಿದರೆ’ ಇಷ್ಟು, ತಂಡ ಪ್ರಶಸ್ತಿ ಗೆದ್ದರೆ ಇಷ್ಟು ಎಂದು ಬರೆಯುವುದುಂಟು. ಇಲ್ಲಿ ‘ಆಡುವುದು’ ಎಂದರೇನು? ಮೊದಲ ಹನ್ನೊಂದು ಮಂದಿಯಲ್ಲಿರುವುದೇ, ಕೊನೆಯ ಐದು ನಿಮಿಷಕ್ಕೆ ಬದಲಿಯಾಗಿ ಇಳಿಯುವುದೂ ಸಾಕೇ, ಸ್ನೇಹಪಂದ್ಯವೂ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ಹೇಳದೆ ಬಿಟ್ಟರೆ ಜಗಳಕ್ಕೆ ಬೀಜ ಬಿತ್ತಿದಂತೆಯೇ.

ಮೂರನೆಯದು, ಮುಂದಿನ ವರ್ಗಾವಣೆಯಲ್ಲಿ ಪಾಲು. ಒಂದು ಕ್ಲಬ್ಬು ಆಟಗಾರನನ್ನು 50 ಲಕ್ಷಕ್ಕೆ ಬಿಟ್ಟುಕೊಡುತ್ತ, ಮುಂದಿನ ವರ್ಗಾವಣೆಯಲ್ಲಿ ತನಗೆ ಶೇಕಡಾ 10 ಬರಬೇಕೆಂದು ಬರೆಸಿಕೊಂಡಿತೆನ್ನೋಣ. ಮುಂದೆ ಅವನು 1 ಕೋಟಿ 50 ಲಕ್ಷಕ್ಕೆ ಹೋದರೆ, ‘ಶುಲ್ಕದಲ್ಲಿ’ ಎಂದಿದ್ದರೆ ಅದಕ್ಕೆ 15 ಲಕ್ಷ ಸಲ್ಲುತ್ತದೆ. ‘ಲಾಭದಲ್ಲಿ’ ಎಂದಿದ್ದರೆ 10 ಲಕ್ಷ ಮಾತ್ರ. ಒಂದು ಶಬ್ದದ ಬೆಲೆ 5 ಲಕ್ಷ! ಆದರೆ ಈ ಪಾಲು ಹೊರಗಿನವರಿಗೆ ಸಲ್ಲುವಂತಿಲ್ಲ. ಆಟಗಾರನ ಭವಿಷ್ಯದ ಶುಲ್ಕದಲ್ಲಿ ಹೊರಗಿನ ಬಂಡವಾಳಗಾರರು ಪಾಲು ಹಿಡಿಯುವುದನ್ನು ಫಿಫಾ 2015ರ ಮೇ 1ರಿಂದ ನಿಷೇಧಿಸಿದೆ. ಅಂತೆಯೇ ಬಿಟ್ಟುಕೊಟ್ಟ ಕ್ಲಬ್ಬು ‘ನಮ್ಮ ಎದುರು ಅವನನ್ನು ಆಡಿಸಕೂಡದು’ ಎಂಬಂತಹ ಷರತ್ತಿನಿಂದ ಹೊಸ ಕ್ಲಬ್ಬಿನ ಸ್ವಾತಂತ್ರ್ಯದಲ್ಲಿ ಕೈಹಾಕುವುದೂ ನಿಯಮಬಾಹಿರವೆನಿಸಬಹುದು.

ನಾಲ್ಕನೆಯದು, ವೈದ್ಯಪರೀಕ್ಷೆ. ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ನೌಕರಿ ಕರಾರು ಊರ್ಜಿತ ಎಂದು ಬರೆಯುವಂತಿಲ್ಲ. ಪರೀಕ್ಷೆ ಸಹಿಗೆ ಮೊದಲೇ ಮುಗಿಯಬೇಕು. ಸಹಿ ಬಿದ್ದ ಮೇಲೆ ಮೊಣಕಾಲಿನ ನೋವು ಕಂಡುಬಂದರೆ ಅದರ ಹೊಣೆ ಕ್ಲಬ್ಬಿನದು, ಆಟಗಾರನದಲ್ಲ. ಇಡೀ ನಿಯಮಾವಳಿಯಲ್ಲಿ ದುರ್ಬಲಪಕ್ಷಕ್ಕೆ ನೆರಳಾಗಿ ನಿಂತ ಕಲಮುಗಳಲ್ಲಿ ಇದು ಮುಖ್ಯವಾದುದು.

ಎರವಲಿನ ಕರಾರು ಬೇರೊಂದು ಬಗೆಯದು. ದಕ್ಷಿಣ ಕನ್ನಡದ ಹಳೆಯ ಭೂಹಿಡುವಳಿಯನ್ನು ಬಲ್ಲವರಿಗೆ ಮೂಲಗೇಣಿಗೂ ಚಾಲಗೇಣಿಗೂ ಇದ್ದ ಅಂತರ ತಿಳಿದದ್ದೇ. ವರ್ಗಾವಣೆಗೂ ಎರವಲಿಗೂ ಇರುವ ಅಂತರವೂ ಸ್ಥೂಲವಾಗಿ ಹಾಗೆಯೇ. ಎರವಲಿನಲ್ಲಿ ಮೂಲ ಕ್ಲಬ್ಬಿನ ಕರಾರು ಸಾಯುವುದಿಲ್ಲ, ಅಮಾನತಿನಲ್ಲಿರುತ್ತದೆ. ಸಂಬಳ ಯಾರು ಕೊಡುವುದು, ಗಾಯವಾದರೆ ಚಿಕಿತ್ಸೆಯ ವೆಚ್ಚ ಯಾರದು, ನಡುವೆ ಮರಳಿ ಕರೆಸಿಕೊಳ್ಳಬಹುದೇ ಎಂಬುದನ್ನೆಲ್ಲ ಬರೆದಿಡಬೇಕು. 2022ರ ಫಿಫಾ ನಿಯಮದಂತೆ ಎರವಲಿನ ಅವಧಿ ಒಂದು ವರ್ಷವನ್ನು ಮೀರಬಾರದು, ಎರವಲು ತಂದವನನ್ನು ಮತ್ತೆ ಎರವಲು ಕೊಡಬಾರದು. ಆದರೆ ಭೂಮಿಯ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಭೂಮಿಗೆ ಇಚ್ಛೆಯಿಲ್ಲ, ಆಟಗಾರನಿಗುಂಟು. ದೆಹಲಿ ಎಫ್.ಸಿ.ಯಿಂದ ಮೋಹನ್ ಬಾಗಾನಿಗೆ ಎರವಲಾಗಿ ಬಂದಿದ್ದ ಅನ್ವರ್ ಅಲಿ 2024ರಲ್ಲಿ ಆ ಸಂಬಂಧವನ್ನು ಮುರಿದು ಈಸ್ಟ್ ಬೆಂಗಾಲಿಗೆ ಹೋದಾಗ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಮಿತಿ ಅವನಿಗೆ 4 ತಿಂಗಳ ನಿಷೇಧವನ್ನೂ, ಅವನಿಗೂ ಎರಡು ಕ್ಲಬ್ಬುಗಳಿಗೂ ಸೇರಿ 12 ಕೋಟಿ 90 ಲಕ್ಷ ರೂಪಾಯಿಯ ಪರಿಹಾರದ ಹೊಣೆಯನ್ನೂ ವಿಧಿಸಿತು. ವಿಷಯ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋಗಿ, ಕೆಲವೇ ದಿನಗಳಲ್ಲಿ ಆ ಆಜ್ಞೆ ಮರುವಿಚಾರಣೆಗೆಂದು ಹಿಂತೆಗೆಯಲ್ಪಟ್ಟಿತು. ಹೇಳಿಕೆಗಳನ್ನು ಪೂರ್ತಿ ಕೇಳದೆ ದಂಡ ವಿಧಿಸಿದರೆ ಎಂಥ ಬಿಗಿಯಾದ ಕರಾರೂ ಕೈಗೆ ಬರುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಇಷ್ಟೆಲ್ಲವೂ ದೊಡ್ಡ ಕ್ಲಬ್ಬುಗಳ ಮಾತು. ಆದರೆ ಕರಾರಿನಲ್ಲಿ ಕಾಣದ ಒಂದು ಪಕ್ಷವುಂಟು. ಅದು ಆಟಗಾರನನ್ನು ಬಾಲ್ಯದಲ್ಲಿ ತಿದ್ದಿದ ಸಣ್ಣ ಕ್ಲಬ್ಬು. ಆಟಗಾರನು ಶುಲ್ಕದ ಮೇಲೆ ದೇಶದಿಂದ ದೇಶಕ್ಕೆ ಹೋದಾಗ ಆ ಶುಲ್ಕದ ಶೇಕಡಾ 5ನ್ನು, ಅವನ 12ರಿಂದ 23ನೆಯ ವರ್ಷದವರೆಗೆ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚತಕ್ಕದ್ದೆಂದು ಫಿಫಾ ವಿಧಿಸಿದೆ. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಶುಲ್ಕದ ಶೇಕಡಾ 0.25, 16ರಿಂದ 23ರವರೆಗಿನ ಪ್ರತಿ ವರ್ಷಕ್ಕೆ ಶೇಕಡಾ 0.5. ಮುಂಬಯಿಯ ಉಪನಗರದ ಒಂದು ಮೈದಾನದ ಕ್ಲಬ್ಬಿನಲ್ಲಿ 12ರಿಂದ 15ರವರೆಗೆ ಆಡಿದ ಹುಡುಗನು ಮುಂದೆ 1 ಕೋಟಿಗೆ ವಿದೇಶಕ್ಕೆ ಹೋದರೆ ಆ ಕ್ಲಬ್ಬಿಗೆ 1 ಲಕ್ಷ ಸಲ್ಲಬೇಕು. ಚೆಂಡು, ಬಲೆ, ಬೂಟುಗಳಿಗೆ ಚಂದಾ ಎತ್ತುವ ಸಂಸ್ಥೆಗೆ ಅದು ಸಣ್ಣ ಮೊತ್ತವಲ್ಲ. ಆದರೆ ಆ ವರ್ಷಗಳಲ್ಲಿ ಹುಡುಗನ ಹೆಸರು ಕ್ರಮವಾಗಿ ನೋಂದಣಿಯಾಗಿರಬೇಕು. ದಾಖಲೆ ಇಲ್ಲದಿದ್ದರೆ ಶ್ರಮವಿದ್ದೂ ಹಕ್ಕಿಲ್ಲ. ದೊಡ್ಡ ಕ್ಲಬ್ಬುಗಳ ಕರಾರಿನಲ್ಲಿಯೂ ಶುಲ್ಕವು ಈ ಐದು ಪಾಲನ್ನು ಒಳಗೊಂಡದ್ದೋ ಹೊರತಾದದ್ದೋ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಇಲ್ಲವಾದರೆ ಅವರಿಬ್ಬರ ವಾದದಲ್ಲಿ ಮೂರನೆಯವನ ಹಣ ನಿಂತುಹೋಗುವ ಸಂಭವವುಂಟು.

ಈ ಪತ್ರಗಳ ಭಾಷೆ ಸಾಮಾನ್ಯವಾಗಿ ಇಂಗ್ಲಿಷು. ಸಹಿ ಮಾಡುವವನು ಮಿಜೋರಾಮಿನ ಗುಡ್ಡದಿಂದಲೋ ಬೆಂಗಳೂರಿನ ಆಸ್ಟಿನ್ ಟೌನಿನಿಂದಲೋ ಬಂದ ಹದಿನೆಂಟು ಇಪ್ಪತ್ತರ ಹುಡುಗ. ರಾತ್ರಿಶಾಲೆಗಳನ್ನು ಕಟ್ಟಿ ಹೋಟೆಲಿನ ಹುಡುಗರಿಗೆ ಅಕ್ಷರ ಕಲಿಸಿದ ಮುಂಬಯಿ ಕನ್ನಡಿಗರಿಗೆ, ಓದಲಾರದ ಕಾಗದಕ್ಕೆ ಸಹಿ ಹಾಕುವುದರ ಅಪಾಯವನ್ನು ಬೇರೆ ಹೇಳಬೇಕಾಗಿಲ್ಲ. ಅವಧಿ ಎಂದಿಗೆ ತೀರುತ್ತದೆ, ಬಿಡುಗಡೆಗೆ ಯಾರ ಒಪ್ಪಿಗೆ ಬೇಕು, ಸಂಬಳ ನಿಂತರೆ ಯಾರಲ್ಲಿ ದೂರಬೇಕು: ಈ ಮೂರನ್ನು ತಾಯಿನುಡಿಯಲ್ಲಿ ಒಮ್ಮೆ ಕೇಳಿ ತಿಳಿದು ಸಹಿ ಹಾಕಿದ ಹುಡುಗನು ಕರಾರಿನಲ್ಲಿ ಒಂದು ಪಕ್ಷವಾಗುತ್ತಾನೆ, ತಿಳಿಯದೆ ಹಾಕಿದವನು ಅದರ ವಿಷಯವಾಗಿಯೇ ಉಳಿಯುತ್ತಾನೆ.