ಜಾಲದ ಮೇಲಣ ಕಛೇರಿ

ಮೈಸೂರಿನ ಜಯಲಕ್ಷ್ಮಿಪುರಂನ ಕಾಳಿದಾಸ ರಸ್ತೆಯ ಇಕ್ಕೆಲಗಳಲ್ಲಿ ನೆಲೆಗೊಂಡಿರುವಂಥ ಕಿರು ಉದ್ಯಮಗಳು ತಮ್ಮ ಪತ್ರವ್ಯವಹಾರವನ್ನೂ ಲೆಕ್ಕಪತ್ರಗಳನ್ನೂ ಅಂತರಜಾಲಕ್ಕೆ ಒಪ್ಪಿಸಲು ಹೊರಟಾಗ ಮೊದಲು ವಿಚಾರಿಸತಕ್ಕುದು ಬೆಲೆಯನ್ನಲ್ಲ, ಹಳೆಯ ಕಡತಗಳ ಅಕ್ಷರವನ್ನು. ನುಡಿ, ಬರಹ ತಂತ್ರಾಂಶಗಳ ಹಿಂದಿನ ಫಾಂಟುಗಳಲ್ಲಿ, ಎಂದರೆ ಯೂನಿಕೋಡ್ ಅಲ್ಲದ ಸಂಕೇತಕ್ರಮದಲ್ಲಿ, ಬೆರಳಚ್ಚಾದ ದರಪಟ್ಟಿಯೊಂದನ್ನು ಗೂಗಲ್ ಡಾಕ್ಸ್‌ಗೆ ಏರಿಸಿದೊಡನೆ, ಕನ್ನಡವಿದ್ದೆಡೆಯಲ್ಲೆಲ್ಲ ರೋಮನ್ ಅಕ್ಷರಗಳೂ ಅಪರಿಚಿತ ಚಿಹ್ನೆಗಳೂ ಕಲಸಿಕೊಂಡು ಮೂಡುತ್ತವೆ; ಆದುದರಿಂದ ಪರಿವರ್ತಕದ ಮೂಲಕ ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಾರೆ ಪರಿಶೀಲಿಸಿದ ತರುವಾಯವೇ ಮುಂದುವರಿಯುವುದು ಲೇಸು.

ಜಾಲದ ಮೇಲೆಯೇ ಬರೆಯಲು ಬಳಸುವ ತಂತ್ರಾಂಶಗಳ ಪೈಕಿ ಚೆನ್ನೈ ಮೂಲದ ಜೋಹೊ ಸಂಸ್ಥೆಯ ರೈಟರ್ 2005ರಲ್ಲಿಯೂ ಗೂಗಲ್ಲಿನ ಡಾಕ್ಸ್ 2006ರಲ್ಲಿಯೂ ಬಳಕೆಗೆ ಬಂದವು. ಸಾಮಾನ್ಯ ಕೆಲಸಕ್ಕೆ ಎರಡೂ ಸಾಕು. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಸ್ಥಳವನ್ನು ಅಂಚೆ, ಛಾಯಾಚಿತ್ರ, ಕಡತಗಳೆಲ್ಲ ಹಂಚಿಕೊಳ್ಳುತ್ತವೆಂಬುದು ಮಾತ್ರ ನೆನಪಿರಬೇಕು.

ನಿಜವಾದ ತೊಡಕು ಒಡೆತನದ್ದು. ಗುಮಾಸ್ತನ ಸ್ವಂತ ಖಾತೆಯಲ್ಲಿ ಬೆಳೆದ ಬಾಕಿದಾರರ ಪಟ್ಟಿಯು, ಅವನು ಕೆಲಸ ಬಿಟ್ಟ ದಿನವೂ, ಮಾಲೀಕರು ಎಷ್ಟೇ ಹಲುಬಿದರೂ, ಅವನ ಖಾತೆಯದೇ ಆಗಿ ಉಳಿಯುತ್ತದೆ. ಆದ್ದರಿಂದ ಅಂಗಡಿಯ ಹೆಸರಿನಲ್ಲಿಯೇ ಖಾತೆ ತೆರೆದು, ಗುಪ್ತಪದವನ್ನು ಯಜಮಾನರೇ ಇರಿಸಿಕೊಂಡು, ತಿಂಗಳಿಗೊಮ್ಮೆ ಹಾಳೆಗಳನ್ನೆಲ್ಲ ಎಕ್ಸೆಲ್ ರೂಪದಲ್ಲಿ ಇಳಿಸಿ ಬೇರೊಂದು ಡಿಸ್ಕಿನಲ್ಲಿ ಕಾಪಿಡಬೇಕು.