ಎತ್ತಿನಹೊಳೆಯ ಕಾಡಿಗೊಂದು ಟ್ರಿಪ್ ಪ್ಲಾನ್

ಪರೀಕ್ಷೆಗೆ ಇನ್ನೂ ಎರಡು ಪೇಪರ್ ಬಾಕಿ ಇರುವಾಗಲೇ ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನ ಹೆಸರು ‘ಬಿಸಿಲೆ ಬಾಯ್ಸ್’ ಎಂದು ಬದಲಾಗಿತ್ತು. ಆರು ಜನ, ಮೂರು ಬೈಕ್, ಎರಡು ದಿನ. ಕುಮಾರ ಪರ್ವತ ಹತ್ತಬೇಕು, ಬಿಸಿಲೆ ಘಾಟಿಯಲ್ಲಿ ರೀಲ್ಸ್ ಮಾಡಬೇಕು, ರಾತ್ರಿ ಕ್ಯಾಂಪ್‌ಫೈರ್ ಹಾಕಬೇಕು. ‘ಮಗಾ, ಅದು ನಿಮ್ಮ ಜಿಲ್ಲೆ, ಪ್ಲಾನ್ ನಿಂದೇ’ ಎಂದು ಎಲ್ಲರೂ ನನ್ನ ತಲೆಗೆ ಕಟ್ಟಿದರು.

ನಿಜ ಹೇಳಬೇಕೆಂದರೆ, ನನ್ನೂರು ಗಂಡಸಿಗೂ ಆ ಮಳೆಕಾಡಿಗೂ ಜಿಲ್ಲೆಯೊಂದೇ ಸಂಬಂಧ. ಅರಸೀಕೆರೆ ತಾಲ್ಲೂಕಿನ ನಮ್ಮದು ರಾಗಿ, ತೆಂಗು, ಬೋರ್‌ವೆಲ್‌ಗಳ ಬಯಲು ಸೀಮೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಸುಳಿ ಒಣಗಿ ಬೋಳಾಗಿ ನಿಂತ ತೆಂಗಿನ ಮರಗಳನ್ನು ನೋಡುತ್ತಲೇ ಬೆಳೆದವನು ನಾನು.

ಪ್ಲಾನಿಗೆ ಮೊದಲ ಬ್ರೇಕ್ ಬಿದ್ದದ್ದು ಟಿಕೆಟ್‌ನಲ್ಲಿ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ್ದ ವಿಡಿಯೊ ನೀವೂ ನೋಡಿರಬಹುದು. ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಚಾರಣಿಗರ ಸಂಖ್ಯೆಯನ್ನು ದಿನಕ್ಕೆ 300ಕ್ಕೆ ಮಿತಿಗೊಳಿಸಿತು. ‘ಅರಣ್ಯ ವಿಹಾರ’ ತೆರೆದು ನೋಡಿದರೆ ನಮಗೆ ಬೇಕಾದ ಶನಿವಾರ ಪೂರ್ತಿ ಭರ್ತಿ! ಮೊದಲು ಬೈದುಕೊಂಡೆ. ಆದರೆ ಪುಷ್ಪಗಿರಿ ವನ್ಯಧಾಮ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲೊಂದು ಎಂದು ಓದಿದ ಮೇಲೆ, ಮಿತಿ ಇರುವುದೇ ಸರಿ ಎನಿಸಿತು.

ಎರಡನೇ ಬ್ರೇಕ್ ಹಾಕಿದವನು ಹಾಸ್ಟೆಲ್ ರೂಮ್‌ಮೇಟ್. ಅವನ ಊರು ಘಟ್ಟದ ಕೆಳಗೆ, ಸುಬ್ರಹ್ಮಣ್ಯದ ಕಡೆ. ನನ್ನ ಪ್ಲಾನ್ ಕೇಳಿ ನಗುತ್ತಲೇ ಅಂದ: ‘ನಮ್ಮ ನೀರು ಕೊಂಡುಹೋಗುದು ಸಾಲದಾ ಮಾರಾಯ, ಈಗ ಕಾಡಿಗೂ ಬರುದಾ?’

ನಾನು ನಗಲಿಲ್ಲ. ಅವನು ಹೇಳಿದ್ದು ಎತ್ತಿನಹೊಳೆಯ ಮಾತು. ಸಕಲೇಶಪುರದ ಕಾಡಿನಲ್ಲಿ ಹುಟ್ಟಿ, ಪಶ್ಚಿಮಕ್ಕೆ ಇಳಿದು, ಕೊನೆಗೆ ನೇತ್ರಾವತಿ ಸೇರುವ ಹೊಳೆ ಅದು. ಆ ಹೊಳೆಯ ಮತ್ತು ಅಕ್ಕಪಕ್ಕದ ಹಳ್ಳಗಳ 24.01 ಟಿಎಂಸಿ ಮಳೆಗಾಲದ ನೀರನ್ನು ಮೇಲೆತ್ತಿ ಪೂರ್ವಕ್ಕೆ ತರುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಕಾಲುವೆ ಹಾದುಹೋಗುವುದು ನಮ್ಮ ಅರಸೀಕೆರೆ ತಾಲ್ಲೂಕಿನ ಮೂಲಕವೇ. ನಮ್ಮೂರಲ್ಲಿ ಅದು ಕನಸು. ಅವನೂರಲ್ಲಿ, ಕಡಿದ ಕಾಡಿನ ಸಂಕಟ, ನೇತ್ರಾವತಿ ಬತ್ತೀತೆಂಬ ಭಯ. ನನಗೆ ನೀರು ಬೇಡ ಎನ್ನಲು ಬಾಯಿ ಬರಲಿಲ್ಲ. ಅವನ ಮಾತು ಸುಳ್ಳೆನ್ನಲೂ ಆಗಲಿಲ್ಲ.

ಅವತ್ತು ರಾತ್ರಿ ಇಬ್ಬರೂ ಕೂತು ಪ್ಲಾನ್ ತಿದ್ದಿದೆವು. ಬೈಕ್ ಬೇಡ, ಸಕಲೇಶಪುರದವರೆಗೆ ಬಸ್, ಅಲ್ಲಿಂದ ಊರಿನವರದೇ ಜೀಪು. ಹೋಮ್‌ಸ್ಟೇಯೂ ಸ್ಥಳೀಯ ಕುಟುಂಬದ್ದು, ಊಟಕ್ಕೆ ಅಕ್ಕಿರೊಟ್ಟಿ. ಸ್ಪೀಕರ್ ಇಲ್ಲ, ಕ್ಯಾಂಪ್‌ಫೈರ್ ಇಲ್ಲ. ಸ್ಟೀಲ್ ಬಾಟಲಿ ಕಡ್ಡಾಯ. ಒಯ್ದ ಪ್ರತಿ ಕವರ್ ವಾಪಸ್ ಬ್ಯಾಗಿಗೆ. ಮಳೆಗಾಲದಲ್ಲಿ ಇಂಬಳ, ಗುಡ್ಡ ಕುಸಿತ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ. ಹಾಗಾಗಿ ಜನವರಿಯೇ ಸರಿ, ಅದೂ ವಾರದ ಮಧ್ಯೆ. ಕುಮಾರ ಪರ್ವತವನ್ನು ಈ ಸಲ ಬಿಸಿಲೆಯ ವ್ಯೂ ಪಾಯಿಂಟ್‌ನಿಂದಲೇ ನೋಡುವುದು.

ಹೊಸದಾಗಿ ಸೇರಿದ್ದು ಒಂದೇ ಜಾಗ: ಮಂಕನಹಳ್ಳಿ ಬಳಿಯ ‘ರಿಡ್ಜ್’ ಕಲ್ಲು. ಅಲ್ಲಿ ಒಂದು ಕಡೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಇನ್ನೊಂದು ಕಡೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ. ಅದನ್ನು ತೋರಿಸುವವನು ರೂಮ್‌ಮೇಟ್. ಆರು ಜನರ ಟ್ರಿಪ್ ಈಗ ಏಳು ಜನರದ್ದು.

ಗ್ರೂಪಿನಲ್ಲಿ ಇಬ್ಬರು ‘ಇದೇನ್ ಮಗಾ, ಎನ್ನೆಸ್ಸೆಸ್ ಕ್ಯಾಂಪಾ?’ ಎಂದು ಗೊಣಗಿದರು. ಆದರೂ ಅಡ್ವಾನ್ಸ್ ಕಳಿಸಿದ್ದಾರೆ.

ಮನೆಗೆ ಫೋನ್ ಮಾಡಿ ಹೇಳಿದಾಗ ಟ್ರಿಪ್ ಎಂದರೆ ಸಿಡುಕುವ ಅಪ್ಪ ಈ ಸಲ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮಗೆ ನೀರು ಬರೋ ಜಾಗ ಕಣಪ್ಪ, ಸರಿಯಾಗಿ ನೋಡ್ಕಂಡು ಬಾ’ ಎಂದರು.