ಗಾಳಿಕಂಬದ ಜಗಳ: ಪಂಚರು ಕೂಡಬೇಕಾದ್ದು ಲಂಡನ್‌ದಾಗೋ, ಭಾರತದಾಗೋ?

ಜತ್ತ: ಮಳೆ ಕೈಕೊಟ್ಟರೂ ಜತ್ತ ತಾಲೂಕಿಗೆ ಗಾಳಿ ಕೈಕೊಟ್ಟಿಲ್ಲ. ಜೋಳ, ಸಜ್ಜೆ ಬಿತ್ತಿ ಮುಗಿಲು ನೋಡುತ್ತ ಕೂಡುವ ಈ ಒಣ ಸೀಮೆಯಲ್ಲಿ ಕಳೆದ ಎರಡು ದಶಕಗಳಲ್ಲಿ ಬೆಳೆದು ನಿಂತದ್ದು ಗಾಳಿ ವಿದ್ಯುತ್ತಿನ ಕಂಬಗಳು. ತಾಲೂಕಿನ ಹೆಸರನ್ನೇ ಇಟ್ಟುಕೊಂಡ ರಿನ್ಯೂ ವಿಂಡ್ ಎನರ್ಜಿ (ಜತ್) ಎಂಬ ಕಂಪನಿಯೂ ಹುಟ್ಟಿಕೊಂಡಿತು. ಪಕ್ಕದ ಕವಠೆ ಮಹಾಂಕಾಳದ ಢಾಲಗಾಂವ ಕಡೆ ಹೋದರೂ ಕಣ್ಣಿಗೆ ಬೀಳುವುದು ಇವೇ ಬಿಳಿ ರೆಕ್ಕೆಗಳು.

ಕಂಬ ಬಂದಲ್ಲಿ ಕಾಗದವೂ ಬರುತ್ತದೆ. ಜಮೀನಿನ ಖರೀದಿ ಪತ್ರ, ಲೀಸು, ದಾರಿ ಬಿಟ್ಟುಕೊಡುವ ಕರಾರು, ತಂತಿ ಎಳೆಯುವ ಒಪ್ಪಿಗೆ ಹೀಗೆ. ಇಂಥ ಕಾಗದಗಳ ಕೊನೇ ಪುಟದಲ್ಲಿ ಅನೇಕ ವೇಳೆ ಒಂದು ಕಲಮು ಇರುತ್ತದೆ: ತಂಟೆ ಬಂದರೆ ಕೋರ್ಟಿಗೆ ಹೋಗದೆ ಮಧ್ಯಸ್ಥಿಕೆದಾರರ ಮುಂದೆ, ಅಂದರೆ ಆರ್ಬಿಟ್ರೇಟರ್ ಮುಂದೆ, ಬಗೆಹರಿಸಿಕೊಳ್ಳಬೇಕು ಎಂದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಕಂಪನಿಯ ಕರಾರು ಇಂಗ್ಲಿಷ್. ಹೀಗಿರುವಾಗ ಆ ಕಲಮನ್ನು ಓದುವವರು ಯಾರು?

ಓದದಿದ್ದರೆ ಏನಾಗುತ್ತದೆ ಎಂಬುದು ಬಡವರ ಕಥೆ ಮಾತ್ರ ಅಲ್ಲ. ಗಾಳಿಯಂತ್ರ ಮಾಡುವ ಜಗತ್ತಿನ ದೊಡ್ಡ ಕಂಪನಿಗಳಲ್ಲಿ ಒಂದಾದ ಜರ್ಮನಿಯ ಎನರ್ಕಾನ್ ಕೂಡ ಇಂಥದೊಂದು ಕಲಮಿನಲ್ಲಿ ಸಿಕ್ಕಿಬಿದ್ದು ವರ್ಷಗಟ್ಟಲೆ ಒದ್ದಾಡಿತು.

ಜಗಳ ಶುರುವಾದದ್ದು

ಎನರ್ಕಾನ್ ಹುಟ್ಟಿದ್ದು 1984ರಲ್ಲಿ, ಜರ್ಮನಿಯ ಆವ್ರಿಖ್ ಎಂಬ ಊರಿನಲ್ಲಿ. ಕಟ್ಟಿದವರು ಎಂಜಿನಿಯರ್ ಅಲೋಯ್ಸ್ ವೊಬ್ಬೆನ್. ಗೇರ್‌ಪೆಟ್ಟಿಗೆಯೇ ಇಲ್ಲದ ಗಾಳಿಯಂತ್ರ ಇವರ ಹೆಗ್ಗಳಿಕೆ. 1994ರಲ್ಲಿ ಮುಂಬೈನ ಮೆಹ್ರಾ ಸಹೋದರರ ಜೊತೆ ಸೇರಿ ಎನರ್ಕಾನ್ ಇಂಡಿಯಾ ಶುರು ಮಾಡಿದರು. ಜರ್ಮನ್ನರ ಪಾಲು ಶೇ. 56, ಮೆಹ್ರಾ ಅವರದು ಶೇ. 44. ಕಾರಖಾನೆ ದಮನ್‌ನಲ್ಲಿ. ಇದರ ಯಂತ್ರಗಳು ನಮ್ಮ ಚಿತ್ರದುರ್ಗ, ಗದಗ ಗುಡ್ಡಗಳ ಮೇಲೂ ಎದ್ದು ನಿಂತವು. ಜತ್ತದ ಯಾವ ಕಂಬಕ್ಕೂ ಈ ವ್ಯಾಜ್ಯ ನೇರ ಅಂಟಿಕೊಂಡದ್ದಲ್ಲ, ಆದರೆ ಕಲಿಯೋದು ಬೇಕಾದಷ್ಟಿದೆ.

ಹತ್ತು ವರ್ಷ ಸಂಸಾರ ನೆಟ್ಟಗೆ ನಡೀತು. ತಂತ್ರಜ್ಞಾನ ಕೊಡುವ ಮೊದಲಿನ ಕರಾರಿನ ಅವಧಿ 2004ರಲ್ಲಿ ಮುಗಿಯಿತು. ಹೊಸದಕ್ಕೆ ಮಾತುಕತೆ ನಡೆದು 2006ರ ಸೆಪ್ಟೆಂಬರ್ 29ರಂದು ಲೈಸೆನ್ಸ್ ಕರಾರಿಗೆ ಸಹಿ ಬಿತ್ತು. ಅದರ ಬೆನ್ನಿಗೇ ಮನಸ್ತಾಪ. 2007ರಲ್ಲಿ ಜರ್ಮನ್ ಕಂಪನಿ ಸಾಮಾನು ಕಳಿಸುವುದನ್ನೇ ನಿಲ್ಲಿಸಿತು. ಮೆಹ್ರಾ ಕಡೆಯವರು ಕೋರ್ಟಿಗೆ ಹೋದರು. ‘ಆ ಕರಾರು ಇನ್ನೂ ಪಕ್ಕಾ ಆಗಿರಲಿಲ್ಲ, ಹಾಗಾಗಿ ಅದರೊಳಗಿನ ಮಧ್ಯಸ್ಥಿಕೆ ಕಲಮೂ ಲೆಕ್ಕಕ್ಕಿಲ್ಲ’ ಎಂಬುದು ಅವರ ವಾದ. ಜರ್ಮನ್ನರದು, ‘ಸಹಿ ಆಗಿದೆ, ಪಂಚರ ಮುಂದೆ ಬನ್ನಿ’ ಎಂಬ ಪಟ್ಟು.

ಬಿಟ್ಟುಹೋದ ಒಂದು ಸಾಲು

ಇನ್ನು ಆ ಕಲಮಿನ ಸಂಗತಿ. ಮೂವರು ಪಂಚರು ಇರಬೇಕು ಎಂದಿತ್ತು. ಒಬ್ಬರನ್ನು ಇವರು, ಒಬ್ಬರನ್ನು ಅವರು ನೇಮಿಸಬೇಕು ಎಂದಿತ್ತು. ಮೂರನೆಯವರನ್ನು ಯಾರು ನೇಮಿಸಬೇಕು? ಅದೇ ಬರೆದಿರಲಿಲ್ಲ! ದುಬಾರಿ ವಕೀಲರನ್ನು ಇಟ್ಟುಕೊಂಡ ಎರಡು ಕಂಪನಿಗಳ ಕೈಯಲ್ಲಿ ಇಷ್ಟು ತಪ್ಪಿತ್ತು ಅಂದರೆ ನಂಬುವುದು ಕಷ್ಟ. ಜೊತೆಗೆ ಬೈಠಕ್ಕಿನ ಜಾಗ ಲಂಡನ್, ಕಾಯ್ದೆ ಮಾತ್ರ ಭಾರತದ 1996ರ ಮಧ್ಯಸ್ಥಿಕೆ ಕಾಯ್ದೆ ಎಂದು ಬರೆಯಲಾಗಿತ್ತು. ಹಂಗಾದ್ರ ಮೇಲ್ವಿಚಾರಣೆ ಯಾವ ದೇಶದ ಕೋರ್ಟಿನದು?

ದಮನ್ ಕೋರ್ಟು, ಮುಂಬೈ ಹೈಕೋರ್ಟು, ಲಂಡನ್ನಿನ ಕೋರ್ಟು ಎಲ್ಲ ಕಡೆ ಕಾಗದ ತಿರುಗಿತು. ಎರಡೂ ದೇಶದ ಕೋರ್ಟುಗಳಿಗೆ ಅಧಿಕಾರ ಉಂಟು ಎಂದು ಮುಂಬೈ ಹೈಕೋರ್ಟು 2012ರಲ್ಲಿ ಹೇಳಿತು. ಕೊನೆಗೆ 2014ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎಸ್.ಎಸ್. ನಿಜ್ಜರ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ ಗಂಟು ಬಿಡಿಸಿತು. ಮುಖ್ಯ ಕರಾರಿನ ಬಗ್ಗೆ ತಕರಾರು ಇದ್ದರೂ ಮಧ್ಯಸ್ಥಿಕೆ ಕಲಮು ತಾನೇ ಬೇರೆ ಕರಾರು ಇದ್ದಂತೆ, ಅದು ಬದುಕಿಯೇ ಇರುತ್ತದೆ. ಇಬ್ಬರು ಪಂಚರು ಸೇರಿ ಮೂರನೆಯವರನ್ನು ಆರಿಸಬೇಕು ಎಂಬ ಸಾಲು ಬರೆಯುವಾಗ ಬಿಟ್ಟುಹೋಗಿದೆ, ಅದನ್ನು ಸೇರಿಸಿಕೊಂಡು ಓದಬೇಕು. ಲಂಡನ್ ಎನ್ನೋದು ಕೂಡುವ ಜಾಗ ಅಷ್ಟೇ, ನ್ಯಾಯದ ನೆಲೆ ಭಾರತವೇ, ಆದ್ದರಿಂದ ಮೇಲ್ವಿಚಾರಣೆ ಭಾರತದ ಕೋರ್ಟುಗಳದ್ದು.

ಪಂಚಾಯ್ತಿಗೆ ಯಾವ ಕಟ್ಟೆ, ಯಾರು ಪಂಚರು ಎಂಬಷ್ಟನ್ನೇ ಗೊತ್ತು ಮಾಡಲು ಆರೇಳು ವರ್ಷ ಹೋದವು. ಅಸಲು ಜಗಳದ ವಿಚಾರಣೆ ಮುಂದೆ ಇತ್ತು.

ಪೇಟೆಂಟಿನದು ಇನ್ನೊಂದು ರಾಮಾಯಣ. ತನ್ನ ಪೇಟೆಂಟ್ ಕದ್ದು ಬಳಸುತ್ತಿದ್ದಾರೆ ಎಂದು ವೊಬ್ಬೆನ್ 10 ದಾವೆ ಹಾಕಿದರು. ಆ ಪೇಟೆಂಟುಗಳೇ ರದ್ದಾಗಲಿ ಎಂದು ಎದುರಿನವರು ಆಗ ಚೆನ್ನೈನಲ್ಲಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಹೋದರು. 2010ರಲ್ಲಿ ಮಂಡಳಿ ಹಲವು ಪೇಟೆಂಟುಗಳನ್ನು ರದ್ದು ಮಾಡಿತು. ಮಂಡಳಿಯಲ್ಲೂ ಅರ್ಜಿ, ಕೋರ್ಟಿನಲ್ಲೂ ಪ್ರತಿದಾವೆ ಅಂತ ಎರಡು ದೋಣಿ ಮೇಲೆ ಕಾಲಿಡುವಂತಿಲ್ಲ ಎಂದು 2014ರ ಜೂನ್ 2ರಂದು ಸುಪ್ರೀಂ ಕೋರ್ಟು ಹೇಳಿತು. ಆ ಮಂಡಳಿಯನ್ನೇ 2021ರಲ್ಲಿ ಸರ್ಕಾರ ಮುಚ್ಚಿತು. ಅಮೆರಿಕದಲ್ಲೂ ಎನರ್ಕಾನ್ ಪೇಟೆಂಟ್ ಪೆಟ್ಟು ತಿಂದದ್ದೇ. ಕೆನೆಟೆಕ್ ಎಂಬ ಕಂಪನಿಯ ದೂರಿನ ಮೇಲೆ 1996ರಲ್ಲಿ ಅದರ ಯಂತ್ರಗಳಿಗೆ ಅಲ್ಲಿ ಬಾಗಿಲು ಹಾಕಿದ್ದರು.

ಜತ್ತಕ್ಕೇನು ಬಂತು?

ಕಂಬಕ್ಕೆ ಜಾಗ ಕೊಟ್ಟ ಕುಟುಂಬ ಕಾಗದದಲ್ಲಿ ನೋಡಬೇಕಾದ್ದು ಈ ವ್ಯಾಜ್ಯದಿಂದಲೇ ಗೊತ್ತಾಗುತ್ತದೆ. ಪಂಚರು ಎಷ್ಟು ಮಂದಿ, ಯಾರು ನೇಮಿಸುತ್ತಾರೆ, ಯಾವ ಊರು? ಸಾಂಗಲಿ ಅಂತ ಬರೆದಿದ್ದರೆ ಬಸ್ಸು ಹಿಡಿದು ಹೋಗಬಹುದು. ಮುಂಬೈ, ದಿಲ್ಲಿ ಅಂದರೆ ಖರ್ಚೇ ಬೇರೆ. ಪಂಚನನ್ನು ಕಂಪನಿಯೊಂದೇ ನೇಮಿಸುತ್ತದೆ ಎಂಬ ಕಲಮು ಇದ್ದರೆ ಗಾಬರಿ ಬೇಡ. ವ್ಯಾಜ್ಯದ ಫಲದಲ್ಲಿ ಹಿತಾಸಕ್ತಿ ಇರುವವರು ತಾವೊಬ್ಬರೇ ಏಕೈಕ ಪಂಚನನ್ನು ಆರಿಸುವಂತಿಲ್ಲ ಎಂದು 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಪ್ಪಂದ ಆಗದಿದ್ದರೆ 11ನೇ ಕಲಮಿನಡಿ ಹೈಕೋರ್ಟಿಗೆ ಅರ್ಜಿ ಹಾಕಬಹುದು.

ಗಡಿಯ ಕನ್ನಡಿಗರಿಗೆ 22ನೇ ಕಲಮು ಎಲ್ಲಕ್ಕಿಂತ ಮುಖ್ಯ. ವಿಚಾರಣೆ ಯಾವ ಭಾಷೆಯಲ್ಲಿ ಎಂಬುದನ್ನು ಎರಡೂ ಕಡೆಯವರು ಸೇರಿ ಗೊತ್ತುಮಾಡಬಹುದು. ಒಪ್ಪಿಗೆ ಆಗದಿದ್ದರೆ ಪಂಚರೇ ಭಾಷೆ ಗೊತ್ತುಮಾಡುತ್ತಾರೆ. ಕನ್ನಡ ಬೇಕೆಂದರೆ ಅದನ್ನು ಸಹಿಗೆ ಮೊದಲೇ ಕಾಗದದಲ್ಲಿ ಬರೆಸಬೇಕು, ಆಮೇಲೆ ಕೇಳಿದರೆ ಎದುರಿನವರು ಒಪ್ಪಬೇಕಲ್ಲ. ತೀರ್ಪು ಬಂದ ಮೇಲೆ ಅದನ್ನು ಪ್ರಶ್ನಿಸಲು ಸಿಗುವುದು 3 ತಿಂಗಳು, ತಕ್ಕ ಕಾರಣ ತೋರಿಸಿದರೆ ಮತ್ತೆ 30 ದಿನ. ಅದರಾಚೆ ಬಾಗಿಲು ಬಂದ್.

ಕಂಪನಿಯೇ ಮುಳುಗಿದರೆ? ಎನರ್ಕಾನ್ ಇಂಡಿಯಾದ ಕಥೆ ಅಲ್ಲಿಗೇ ಹೋಯಿತು. 2013ರಲ್ಲಿ ಅದು ವಿಂಡ್ ವರ್ಲ್ಡ್ (ಇಂಡಿಯಾ) ಎಂದು ಹೆಸರು ಬದಲಿಸಿಕೊಂಡಿತು. ಸಾಲ ತೀರದೆ 2018ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂದೆ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಇಂಥ ಪ್ರಕ್ರಿಯೆ ಶುರುವಾದ ಕೂಡಲೇ ಕಂಪನಿಯ ಮೇಲಿನ ದಾವೆ, ಮಧ್ಯಸ್ಥಿಕೆ ಎಲ್ಲಕ್ಕೂ ತಡೆ ಬೀಳುತ್ತದೆ. ಹಣ ಬರಬೇಕಾದವರು ನೇಮಕಗೊಂಡ ಅಧಿಕಾರಿಗೆ ದಾಖಲೆ ಸಮೇತ ಹಕ್ಕು ಸಲ್ಲಿಸಬೇಕು, ಅದೂ ಪ್ರಕಟಣೆಯಲ್ಲಿ ಹೇಳಿದ ಗಡುವಿನೊಳಗೆ. ಆ ಪ್ರಕಟಣೆ ಬರುವುದು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಮತ್ತು ಕಂಪನಿಯ ಕಚೇರಿ ಇರುವ ಸೀಮೆಯ ಭಾಷಾ ಪತ್ರಿಕೆಯಲ್ಲಿ. ಮುಂಬೈ ಕಂಪನಿಯಾದರೆ ಮರಾಠಿ, ಅಹಮದಾಬಾದಿನದಾದರೆ ಗುಜರಾತಿ. ಕಂಬ ನಿಂತ ಹೊಲದ ಮನೆಗೆ ಅದು ತಾನಾಗಿ ತಲುಪುವುದಿಲ್ಲ. ಕಂಪನಿಯ ಪೂರ್ತಿ ಹೆಸರು, ಕರಾರಿನ ನಕಲು, ಹಣ ಬಂದ ಬ್ಯಾಂಕ್ ಪಾಸ್‌ಬುಕ್ ಇಷ್ಟಾದರೂ ಮನೆಯಲ್ಲಿ ಇದ್ದರೆ ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ ನೋಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ, ಆದಾಯದ ಮಿತಿಯೂ ಇಲ್ಲ.